ಬಾನೆಟ್ಟಿನ ಕಿಂಡಿಗೊಂದು ಜಾಳಿ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಉಗರಗೋಳದ ದಾರಿಗಳಿಗೆ ಎರಡು ಕೆಲಸ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನವನ್ನು ಹೊರಬೇಕು, ಜೊತೆಗೆ ನಮ್ಮ ಎರೆಹೊಲಗಳ ಹಿಂಗಾರಿ ಪೀಕಿಗೆ ಕಣವಾಗಬೇಕು. ಕೊಲ್ಹಾಪುರ, ಸಾಂಗ್ಲಿ ಕಡೆಯ ಗಾಡಿಗಳು, ಗೆಜ್ಜೆಸರದ ಎತ್ತು ಕಟ್ಟಿದ ಚಕ್ಕಡಿಗಳು, ಟ್ರೇಲರಿನ ಮೇಲೆ ತಾಡಪತ್ರಿ ಬಿಗಿದ ಟ್ರ್ಯಾಕ್ಟರುಗಳು, ಹೆಗಲಿಗೆ ಹೆಗಲು ತಾಗುವಂತೆ ಮಂದಿ ತುಂಬಿದ ಕ್ರೂಸರುಗಳು, ಎಲ್ಲವೂ ‘ಉಧೋ ಉಧೋ’ ಎನ್ನುತ್ತ ಜೋಗುಳಬಾವಿ ದಾಟಿ ಗುಡ್ಡದ ಕಡೆ ಹೊರಳುತ್ತವೆ. ಅದೇ ಹೊತ್ತಿಗೆ ಸುತ್ತಲ ಊರುಗಳ ರಸ್ತೆಗಳ ಮೇಲೆ ಕಡಲೆ ಗಿಡ ಹಾಸಿರುತ್ತಾರೆ, ಕೆಲವು ಕಡೆ ಜೋಳದ ತೆನೆ. ಹಾದುಹೋಗುವ ಗಾಲಿಗಳೇ ರಾಶಿ ಮಾಡಿಕೊಡಲಿ ಎಂದು.

ರೈತರ ಕಷ್ಟ ನನಗೆ ಗೊತ್ತು. ಕಣ ಕಡಿದು, ಸಗಣಿ ಸಾರಿಸಿ, ರೋಣಗಲ್ಲು ಎಳೆಸುವ ಕಾಲ ಹೋಯಿತು. ಎತ್ತಿಲ್ಲ, ಆಳಿಲ್ಲ. ಆದರೂ ರಸ್ತೆಯ ಮೇಲಿನ ಈ ಒಕ್ಕಣೆ ಅಪಾಯದ್ದು ಎಂದು ಹೇಳದೆ ಇರಲಾರೆ. ದ್ವಿಚಕ್ರದವರು ಕಾಳಿನ ಮೇಲೆ ಜಾರಿ ಬೀಳುತ್ತಾರೆ. ಹುರುಳಿ, ಕಡಲೆಯ ಒಣ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ, ಕಾರುಗಳು ಹೊತ್ತಿ ಉರಿದದ್ದೂ ನಮ್ಮ ರಾಜ್ಯದಲ್ಲೇ ಉಂಟು. ಇವೆರಡೂ ಸುದ್ದಿಯಾಗುತ್ತವೆ. ಸುದ್ದಿಯಾಗದ ಮೂರನೆಯದೊಂದಿದೆ. ಅದೇ ಸುಂಕು, ತೆನೆಯಿಂದ ಏಳುವ ನವಿರಾದ ಧೂಳು.

ಜೋಳದ ಸುಂಕು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ರಾಶಿ ದಿನ ಮೈಗೆ ಹತ್ತಿದರೆ ಸ್ನಾನ ಮಾಡಿದರೂ ಕೆರೆತ ಬಿಡದು. ಹೊಟ್ಟು ದಪ್ಪ, ಗಾಳಿಗೆ ಹಾರಿ ಬದುವಿಗೆ ಬೀಳುತ್ತದೆ. ಸುಂಕು ಹಾಗಲ್ಲ, ಗಾಳಿಯಲ್ಲೇ ತೇಲುತ್ತಿರುತ್ತದೆ. ಹಾಸಿದ ತೆನೆಯ ಮೇಲೆ ಗಾಡಿ ಹಾಯ್ದಾಗ ಎದ್ದ ಸುಂಕನ್ನು ಹಿಂದಿನ ಗಾಡಿಯ ಫ್ಯಾನು ಉಸಿರೆಳೆದಂತೆ ಒಳಗೆಳೆದುಕೊಳ್ಳುತ್ತದೆ. ರೇಡಿಯೇಟರಿನ ಕೊಳವೆಗಳ ನಡುವೆ ತೆಳುವಾದ ತಗಡಿನ ಮಡಿಕೆಗಳಿರುತ್ತವೆ. ಮಡಿಕೆಗೂ ಮಡಿಕೆಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು, ಅಷ್ಟೇ. ಗಾಳಿ ಆ ಸಂದಿನಲ್ಲೇ ಹಾಯಬೇಕು. ಅಲ್ಲಿ ಸುಂಕು, ಅದರ ಮೇಲೆ ಎರೆಮಣ್ಣಿನ ಧೂಳು, ಅದರ ಮೇಲೆ ಜಾತ್ರೆಯ ಭಂಡಾರ ಕೂತರೆ ಒದ್ದೆ ಬಟ್ಟೆ ಹೊದಿಸಿದಷ್ಟೇ ಆಗುತ್ತದೆ.

ಇಂಥ ರೇಡಿಯೇಟರ್ ಹೊತ್ತ ಗಾಡಿ ಗುಡ್ಡ ಹತ್ತುವ ಸಾಲಿಗೆ ಸೇರಿಕೊಳ್ಳುತ್ತದೆ. ಒಂದನೇ ಗೇರು, ಮೈತುಂಬ ಭಾರ, ನೆತ್ತಿಯ ಮೇಲೆ ಬಿಸಿಲು, ಮುಂದೆ ಆಮೆಯ ನಡಿಗೆ. ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗಾಲಿ ತಿರುಗಿಸುವ ಕೆಲಸಕ್ಕೆ ಬಂದರೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ರೇಡಿಯೇಟರೇ ಹೊರಹಾಕಬೇಕು. ಹೆದ್ದಾರಿಯಲ್ಲಿ ಓಡುವಾಗ ಎದುರು ಗಾಳಿ ನೆರವಿಗೆ ಇರುತ್ತದೆ. ಸಾಲಿನಲ್ಲಿ ನಿಂತಾಗ ಫ್ಯಾನೊಂದೇ ಗತಿ. ಶಾಖ ತೋರಿಸುವ ಕಾಟಾ ನಡುವಿನಿಂದ ಮೇಲಕ್ಕೆ ಸರಿಯುತ್ತದೆ, ಬಾನೆಟ್ಟಿನ ಅಂಚಿನಿಂದ ಹಬೆ ಏಳುತ್ತದೆ, ಮಂದಿ ಇಳಿದು ಕಲ್ಲು ಹುಡುಕಿ ಗಾಲಿಗೆ ಕೊಡುತ್ತಾರೆ. ಗುಡ್ಡದ ದಾರಿಯ ಪಕ್ಕ ಬಾನೆಟ್ಟು ಎತ್ತಿ ನಿಂತ ಗಾಡಿಗಳನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುವಿ ಕೈ ಸುಟ್ಟುಕೊಂಡವರನ್ನೂ ನೋಡಿದ್ದೇನೆ. ಆ ಮುಚ್ಚಳದ ಕೆಳಗೆ ನೀರು ಒತ್ತಡದಲ್ಲಿರುತ್ತದೆ. ಹೊರಗಿನದಕ್ಕಿಂತ 1 ಬಾರ್ ಹೆಚ್ಚು ಒತ್ತಡವಿದ್ದರೆ ನೀರು 100 ಡಿಗ್ರಿಗೆ ಕುದಿಯದು, 120ರ ತನಕ ತಡೆಯುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಬಿಟ್ಟುಹೋಗಿ ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾಯಿರಿ, ಎಲ್ಲಮ್ಮ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಮನೆಯ ಹಳೆಯ ಮಹೀಂದ್ರಾ ಜೀಪಿನ ಬಾನೆಟ್ಟಿಗೆ ಕಿಂಡಿ ಕೊಯ್ಯಿಸುವ ವಿಚಾರ ಹುಟ್ಟಿದ್ದು ಈ ಏರಿನ ಕಾರಣದಿಂದಲೇ. 1947ರಲ್ಲಿ ಮುಂಬಯಿಯಲ್ಲಿ ವಿಲೀಸ್ ಜೀಪುಗಳ ಜೋಡಣೆಯಿಂದ ಶುರುವಾದ ಕುಲ ಅದು. ಮೊದಲು ಪೆಟ್ರೋಲ್ ಎಂಜಿನ್ನಿಗೆಂದು ರೂಪುಗೊಂಡ ಇಕ್ಕಟ್ಟು ಮೂತಿಯೊಳಗೆ ಮುಂದೆ ಡೀಸೆಲ್ ಎಂಜಿನ್ ಬಂದು ಕೂತಿತು. ಎಂಜಿನ್ನಿನ ಮಗ್ಗುಲಲ್ಲಿ ಕೈ ಹಾಕಲೂ ಜಾಗ ಕಡಿಮೆ. ಹೊಸ ರೇಡಿಯೇಟರ್, ಹೊಸ ಬೆಲ್ಟು, ಹೊಸ ಥರ್ಮೋಸ್ಟಾಟ್ ಎಲ್ಲ ಆದ ಮೇಲೂ ಗುಡ್ಡದ ಏರಿನಲ್ಲಿ ಅದು ಬಿಸಿಯಾಗುತ್ತಿತ್ತು. ಸವದತ್ತಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿ, ನಾವೆಲ್ಲ ಕಾಕಾ ಎಂದೇ ಕರೆಯುವವರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ ಹೇಳಿದರು:

“ತಮ್ಮಾ, ಗಾಳಿ ಒಳಗ ಬರೂ ದಾರಿ ಎಲ್ಲಾರೂ ನೋಡ್ತಾರ. ಹೊರಗ ಹೋಗೂ ದಾರಿ ಯಾರೂ ನೋಡಂಗಿಲ್ಲ. ಒಳಗ ಬಿಸಿಗಾಳಿ ತುಂಬಿ ಕುಂತೈತಿ, ಹೊಸಾ ಗಾಳಿ ಎಲ್ಲಿಂದ ಬರಬೇಕು?”

ಅದು ಪೂರಾ ನಿಜ. ರೇಡಿಯೇಟರಿನ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸವೇ ಗಾಳಿಯನ್ನು ಎಳೆಯುವುದು. ಹಿಂದೆ ಗಾಳಿ ಕಟ್ಟಿಕೊಂಡರೆ ಮುಂದಿನ ಗ್ರಿಲ್ಲು ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಹಳೆಯ ಕಾಲದ ಕಾರುಗಳ ಬಾನೆಟ್ಟಿನ ಎರಡೂ ಮಗ್ಗುಲಿಗೆ ಸಾಲಾಗಿ ಸೀಳುಗಳಿರುತ್ತಿದ್ದುದು ಬರೀ ಚಂದಕ್ಕಲ್ಲ, ಬಿಸಿಗಾಳಿ ಹೊರಬೀಳುವುದಕ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಬಿಡದಿಯಲ್ಲಿ ತಯಾರಾಗಿ ಬಂದ ಮೊದಲ ಪೀಳಿಗೆಯ ಡೀಸೆಲ್ ಫಾರ್ಚೂನರಿನ ಬಾನೆಟ್ಟಿನ ಮೇಲೆ ಎದ್ದು ನಿಂತ ಬಾಯಿಯೊಂದಿತ್ತು. ಅದು ಗಾಳಿಯನ್ನು ಒಳಕ್ಕೆ ಕುಡಿಯುವ ಬಾಯಿ, ಕೆಳಗಿನ ಇಂಟರ್‌ಕೂಲರನ್ನು ತಂಪು ಮಾಡಲು ಇಟ್ಟದ್ದು. ನಾವು ಕೊಯ್ಯುವ ಕಿಂಡಿಯ ಕೆಲಸ ಅದರ ತದ್ವಿರುದ್ಧ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಬಾಯಿಗಳನ್ನು ತೂತೇ ಇಲ್ಲದ ಬಾನೆಟ್ಟಿನ ಮೇಲೆ ಅಂಟಿಸಿಕೊಳ್ಳುವವರಿದ್ದಾರೆ. ಅದರಿಂದ ಎಂಜಿನ್ನಿಗೆ ಕಿಂಚಿತ್ತೂ ಉಪಕಾರವಿಲ್ಲ, ಆ ದುಡ್ಡು ಕೂಲಂಟಿಗೆ ಹಾಕಿದರೆ ಒಳ್ಳೆಯದು.

ಕಿಂಡಿ ಎಲ್ಲಿ ಕೊಯ್ಯಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ಓಡುವ ಗಾಡಿಯ ಬಾನೆಟ್ಟಿನ ಮೇಲೆ ಎಲ್ಲ ಕಡೆ ಒತ್ತಡ ಒಂದೇ ಇರುವುದಿಲ್ಲ. ಮುಂಭಾಗದಲ್ಲಿ, ರೇಡಿಯೇಟರಿನ ತುಸು ಹಿಂದೆ, ಒತ್ತಡ ಕಡಿಮೆ. ಅಲ್ಲಿ ಕಿಂಡಿಯಿದ್ದರೆ ಒಳಗಿನ ಬಿಸಿಗಾಳಿಯನ್ನು ಹೊರಗಿನ ಗಾಳಿಯೇ ಎಳೆದುಕೊಳ್ಳುತ್ತದೆ. ಮುಂಗಾಜಿನ ಬುಡದಲ್ಲಿ ಗಾಳಿ ಬಂದು ಬಡಿದು ನಿಲ್ಲುವುದರಿಂದ ಒತ್ತಡ ಹೆಚ್ಚು. ಅಲ್ಲಿ ಕೊಯ್ದರೆ ಗಾಳಿ ಹೊರಗೆ ಹೋಗುವುದರ ಬದಲು ಒಳಗೇ ನುಗ್ಗುತ್ತದೆ. ನೋಡಲು ಚೆನ್ನಾಗಿ ಕಾಣುತ್ತದೆಂದು ಬಹಳ ಮಂದಿ ಕೊಯ್ಯುವುದು ಅಲ್ಲೇ. ಕಾಕಾ ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಹತ್ತಿಯ ನೂಲನ್ನು ಗೇಣುದ್ದ ತುಂಡು ಮಾಡಿ, ಬಾನೆಟ್ಟಿನ ಉದ್ದಗಲಕ್ಕೂ ಒಂದೊಂದು ತುದಿಯನ್ನು ಟೇಪಿನಿಂದ ಅಂಟಿಸಿ, ನನಗೆ ಜೀಪು ಓಡಿಸಲು ಹೇಳಿ ತಾವು ಪಕ್ಕದಲ್ಲಿ ಕೂತು ನೋಡಿದರು. ಮುಂದಿನ ನೂಲುಗಳು ನೆಟ್ಟಗೆ ಹಿಂದಕ್ಕೆ ಮಲಗಿ ಹಾರಿದವು. ಗಾಜಿನ ಬುಡದವು ದಿಕ್ಕುಗಾಣದೆ ಸುತ್ತಿದವು, ಕೆಲವು ಮುಂದಕ್ಕೇ ಮಗುಚಿದವು. ವಿಮಾನದ ರೆಕ್ಕೆಯ ಮೇಲಿನ ಗಾಳಿಯ ನಡೆಯನ್ನು ತಿಳಿಯಲು ಎಂಜಿನಿಯರುಗಳು ಇದೇ ನೂಲಿನ ಪರೀಕ್ಷೆ ಮಾಡುತ್ತಾರೆ.

ಇನ್ನು ಜಾಳಿ. ಕಿಂಡಿ ಕೊಯ್ದು ಹಾಗೇ ಬಿಟ್ಟವರನ್ನು ನೋಡಿದ್ದೇನೆ, ಅದು ಸರಿಯಲ್ಲ. ಒಳಗೆ ಗಿರ್ರನೆ ತಿರುಗುವ ಫ್ಯಾನಿದೆ, ಬೆಲ್ಟಿದೆ. ನಿಂತ ಗಾಡಿಯ ಸುತ್ತ ಮಕ್ಕಳು ಆಡುತ್ತಿರುತ್ತವೆ, ಕಿಂಡಿ ಕಂಡ ಮಗು ಬೆರಳು ತೂರಿಸದೆ ಇದ್ದೀತೇ? ಬೇವಿನ ಎಲೆ, ಕಾಯಿ, ಹಾರಿಬಂದ ಪ್ಲಾಸ್ಟಿಕ್ ಚೀಲ, ಜಾತ್ರೆಯಲ್ಲಿ ಎರಚಿದ ಬಾಳೆಹಣ್ಣು, ಎಲ್ಲಕ್ಕೂ ಅದು ತೆರೆದ ಬಾಗಿಲು. ಅಳಿಲು ನಾರು ತಂದು ಗೂಡು ಕಟ್ಟಲೂ ಅಷ್ಟೇ ಅನುಕೂಲ. ಇಲಿಗಳ ಮಾತು ಬೇರೆ, ಅವು ಕೆಳಗಿನಿಂದಲೇ ಬರುತ್ತವೆ, ಮೇಲಿನ ಜಾಳಿ ಅವನ್ನು ತಡೆಯದು.

ಸವದತ್ತಿ ಪ್ಯಾಟಿಯಲ್ಲಿ ಕೇಳಿದರೆ ನಾಲ್ಕಾರು ತರದ ಜಾಳಿ ತೋರಿಸುತ್ತಾರೆ. ಸೊಳ್ಳೆ ಜಾಳಿ, ಕೋಳಿ ಗೂಡಿನ ಆರು ಮೂಲೆಯ ಜಾಳಿ, ಕಾಳು ಜಾಡಿಸುವ ಜಾಳಿ, ತಗಡನ್ನು ಸೀಳಿ ಎಳೆದು ಮಾಡಿದ ವಜ್ರಾಕಾರದ ಜಾಳಿ. ಅಡುಗೆಮನೆಯಲ್ಲಿ ಹಿಟ್ಟಿನ ಸಾಣಿಗೆ ಬೇರೆ, ರವೆಯ ಸಾಣಿಗೆ ಬೇರೆ ಇದ್ದ ಹಾಗೆ ಇಲ್ಲೂ ಕಣ್ಣಿನ ಅಳತೆ ನೋಡಿಯೇ ಆರಿಸಬೇಕು. ಒಂದು ಲೆಕ್ಕ ಹೇಳುತ್ತೇನೆ. 1 ಮಿಲಿಮೀಟರ್ ದಪ್ಪದ ತಂತಿ, 4 ಮಿಲಿಮೀಟರ್ ಕಣ್ಣು ಇರುವ ಜಾಳಿಯಲ್ಲಿ ಗಾಳಿ ಹಾಯಲು ಸಿಗುವ ಜಾಗ ನೂರಕ್ಕೆ 64. ಕಾಲು ಮಿಲಿಮೀಟರ್ ತಂತಿ, 1 ಮಿಲಿಮೀಟರ್ ಕಣ್ಣು ಇರುವ ಸೊಳ್ಳೆ ಜಾಳಿಯಂಥದ್ದರಲ್ಲೂ ಲೆಕ್ಕದ ಪ್ರಕಾರ ಅಷ್ಟೇ, ನೂರಕ್ಕೆ 64. ಕಾಗದದ ಮೇಲೆ ಎರಡೂ ಒಂದೇ. ಗುಡ್ಡದ ದಾರಿಯಲ್ಲಿ ಒಂದೇ ಅಲ್ಲ. ಸಣ್ಣ ಕಣ್ಣಿನಲ್ಲಿ ಗಾಳಿ ತಂತಿಗಳಿಗೆ ಉಜ್ಜಿಕೊಂಡೇ ಹೋಗಬೇಕು, ಅದು ಒಂದು ತಡೆ. ಮೇಲಾಗಿ ಸುಂಕಿನ ಒಂದೆಳೆ ಅಡ್ಡ ಕೂತರೂ ಆ ಕಣ್ಣು ಮುಚ್ಚಿತೆಂದೇ ಲೆಕ್ಕ. 4 ಮಿಲಿಮೀಟರ್ ಕಣ್ಣಿನಲ್ಲಿ ಸುಂಕು ನಿಲ್ಲುವುದಿಲ್ಲ, ಹಾಯ್ದುಹೋಗುತ್ತದೆ. ಬಾನೆಟ್ಟಿನ ಕಿಂಡಿಯಲ್ಲಿ ಗಾಳಿ ಹೊರಹೋಗುವುದರಿಂದ ಅಲ್ಲಿ ಧೂಳು ತಡೆಯುವ ಪ್ರಶ್ನೆಯೇ ಇಲ್ಲ. ಅಲ್ಲಿ ದೊಡ್ಡ ಕಣ್ಣಿನದೇ ಸರಿ. ಸಣ್ಣ ಕಣ್ಣಿನ ಜಾಳಿಗೆ ಜಾಗ ರೇಡಿಯೇಟರಿನ ಮುಂದೆ, ಅದೂ ರಾಶಿಯ ದಿನಗಳಲ್ಲಿ ಮಾತ್ರ, ಮೇಲಿಂದ ಮೇಲೆ ತೆಗೆದು ಕೊಡವುವುದಾದರೆ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಈ ಅಭ್ಯಾಸ ಇದೆ. ಮುಂದಿನ ಜಾಳಿಯನ್ನು ಎಳೆದು, ಗಾಲಿಗೆ ಎರಡೇಟು ಬಡಿದು, ಮತ್ತೆ ಸಿಕ್ಕಿಸಿ ಹೊರಡುತ್ತಾರೆ. ಕಾರಿನವರಿಗೆ ಇಲ್ಲ.

ನೂರಕ್ಕೆ 64 ಎಂದರೆ ಕಿಂಡಿ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಿರಬೇಕು ಎಂದೂ ಅರ್ಥ. ಜಾಳಿಯ ಪಾಲು ಕಳೆದು ಉಳಿದದ್ದೇ ನಿಜವಾದ ಕಿಂಡಿ. ಮೊದಲೇ ಇದನ್ನು ಎಣಿಸದವರು ಕೊಯ್ದ ಮೇಲೆ ಗಾಡಿ ಅಷ್ಟೇನೂ ತಂಪಾಗಲಿಲ್ಲ ಎನ್ನುತ್ತಾರೆ.

ಕಾಕಾ ಆ ಕೆಲಸ ಮಾಡಿದ ರೀತಿಯನ್ನು ನಾನು ಮರೆಯಲಾರೆ. ನಮ್ಮ ಜೀಪಿನ ಮೂಲ ಬಾನೆಟ್ಟನ್ನು ಅವರು ಮುಟ್ಟಲಿಲ್ಲ. ಗುಜರಿಯಿಂದ ಅದೇ ಮಾದರಿಯ ಹಳೆಯದೊಂದನ್ನು ತರಿಸಿದರು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಿಂಡಿಯ ಆಕಾರ ಕತ್ತರಿಸಿ, ಒಳಮೈಯ ಅಡ್ಡಪಟ್ಟಿಗಳು ಎಲ್ಲಿ ಹಾದಿವೆ ಎಂದು ಬೆರಳಿನಿಂದ ತಡವಿ ನೋಡಿ, ಪಟ್ಟಿಗೆ ತಾಗದಂತೆ ಹಾಳೆ ಸರಿಸಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಆ ಪಟ್ಟಿಗಳೇ ಬಾನೆಟ್ಟಿನ ಎಲುಬು. ಅವನ್ನು ಕಡಿದರೆ ತಗಡು ನಡುಗುತ್ತದೆ, ವೇಗದಲ್ಲಿ ಉಬ್ಬುತ್ತದೆ. ನಂತರ ನಾಲ್ಕು ಮೂಲೆಗೂ ಡ್ರಿಲ್ಲಿನಿಂದ ದುಂಡನೆಯ ತೂತು ಕೊರೆದು, ಆ ತೂತುಗಳ ನಡುವೆ ಮಾತ್ರ ಗ್ರೈಂಡರ್ ಓಡಿಸಿದರು.

“ಮೂಲಿ ಚೂಪ ಇಟ್ರ ಅಲ್ಲಿಂದನ ಸೀಳತೈತಿ,” ಎಂದರು.

1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದಾಗ, ನೀರಿನ ತೊಟ್ಟಿಯಲ್ಲಿ ವಿಮಾನದ ಒಡಲನ್ನೇ ಇಟ್ಟು ಪರೀಕ್ಷಿಸಿ, ಮುಳುಗಿದ ಚೂರುಗಳನ್ನು ಎತ್ತಿ ಕೂಡಿಸಿ ನೋಡಿ ಕಂಡುಕೊಂಡ ಸಂಗತಿಯೂ ಇದರ ನೆರೆಯದ್ದೇ. ಮತ್ತೆ ಮತ್ತೆ ಒತ್ತಡ ಉಂಡ ತಗಡು ಕಿಂಡಿಯ ಮೂಲೆಯ ಹತ್ತಿರ, ರಿವೆಟ್ಟಿನ ತೂತಿನ ಬಳಿ ಬಿರುಕು ಬಿಟ್ಟಿತ್ತು. ಬಾನೆಟ್ಟು ವಿಮಾನವಲ್ಲ, ನಿಜ. ಆದರೆ ನಮ್ಮ ರಸ್ತೆಗಳ ನಡುಕ ಅದಕ್ಕೂ ದಿನನಿತ್ಯದ ಊಟ.

ಅಂಚನ್ನು ಅರದಿಂದ ಉಜ್ಜಿ, ಬೆರಳು ಎಳೆದರೂ ಕೊಯ್ಯದಂತೆ ನಯ ಮಾಡಿ, ರೆಡ್ ಆಕ್ಸೈಡ್ ಬಳಿದು ಒಂದು ರಾತ್ರಿ ಒಣಗಲು ಬಿಟ್ಟರು. ಕೊಯ್ದ ಅಂಚಿಗೆ ಬಣ್ಣದ ರಕ್ಷಣೆ ಇರುವುದಿಲ್ಲ. ಒಂದೇ ಮಳೆಗಾಲ ಸಾಕು, ತುಕ್ಕು ಬಣ್ಣದ ಅಡಿಗೆ ನುಸುಳಿ ಗುಳ್ಳೆ ಏಳಿಸುತ್ತದೆ. ಜಾಳಿಯನ್ನು ಕಿಂಡಿಗಿಂತ ನಾಲ್ಕೂ ಕಡೆ ಎರಡು ಬೆರಳು ಹೆಚ್ಚಿಗೆ ಕತ್ತರಿಸಿ, ಅಂಚು ಮಡಿಸಿ ಸುತ್ತಿಗೆಯಿಂದ ಬಡಿದರು. ಬಿಡಿ ತಂತಿಗಳ ತುದಿ ಕೈಗೆ ಚುಚ್ಚಬಾರದು, ನಡುಕಕ್ಕೆ ಸಡಿಲಾಗಿ ಫ್ಯಾನಿನೊಳಗೆ ಬೀಳಬಾರದು.

ಇಷ್ಟಾದ ಮೇಲೆ ನಾನು ಕೇಳಿದೆ: “ಕಾಕಾ, ಅಂಟು ಹಚ್ಚಿ ಕುಂಡ್ರಿಸಿದ್ರ ಆಗೂದಿಲ್ಲೇನ್ರಿ? ಎಂ-ಸೀಲ್ ಐತಲ್ಲ.”

“ಕುಂಡರತೈತಿ. ಆಮ್ಯಾಲ ತಗ್ಯಾವರು ಯಾರು?” ಎಂದು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಯಿಂದ ಉದ್ದಕ್ಕೆ ಸೀಳತೊಡಗಿದರು.

ಬಾನೆಟ್ಟಿನ ಒಳಮೈಗೆ ಮೊದಲು ಟ್ಯೂಬಿನ ರಬ್ಬರ್ ಪಟ್ಟಿ, ಅದರ ಮೇಲೆ ಜಾಳಿ, ಮತ್ತೊಂದು ರಬ್ಬರ್, ಆಮೇಲೆ ಬೆರಳಗಲದ ಕಬ್ಬಿಣದ ಪಟ್ಟಿಯ ಚೌಕಟ್ಟು. ಮೇಲಿನಿಂದ ಸಣ್ಣ ಬೋಲ್ಟು, ಕೆಳಗಿನಿಂದ ವಾಷರು, ನೈಲಾನ್ ಬಳೆಯಿರುವ ನಟ್ಟು, ನಡುಕಕ್ಕೆ ಬಿಚ್ಚಿಕೊಳ್ಳದ ಜಾತಿಯದು. ನಾಲ್ಕು ಬೆರಳಿಗೊಂದು ಬೋಲ್ಟು. ಆ ರಬ್ಬರಿಗೆ ಎರಡು ಕೆಲಸ. ಜಾಳಿಯ ಗಿಲಿಗಿಲಿ ಸದ್ದು ನಿಲ್ಲಿಸುವುದು ಒಂದು. ಜಾಳಿ ಅಲ್ಯೂಮಿನಿಯಮ್ಮಿನದು, ಬಾನೆಟ್ಟು ಉಕ್ಕಿನದು. ಎರಡು ಲೋಹಗಳು ತಾಗಿಕೊಂಡಿದ್ದು ನಡುವೆ ಮಳೆನೀರು ನಿಂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಇಲ್ಲಿ ಮೊದಲು ಸವೆಯುವುದು ಅಲ್ಯೂಮಿನಿಯಂ. ಅವೆರಡನ್ನೂ ಬೇರೆ ಇಡುವುದು ರಬ್ಬರಿನ ಎರಡನೇ ಕೆಲಸ. ದುಬಾರಿ ಸೀಲಂಟು ಮಾಡುವ ಕೆಲಸವನ್ನು ಪಂಕ್ಚರ್ ಅಂಗಡಿಯಲ್ಲಿ ಎಸೆದ ಟ್ಯೂಬು ಮಾಡಿತು.

ಅಂಟಿಗೂ ರಿವೆಟ್ಟಿಗೂ ಅವುಗಳದೇ ಜಾಗ ಇದೆ ಎಂದು ಒಪ್ಪುತ್ತೇನೆ. ಧೂಳಿಲ್ಲದ ಊರಿನ ಕಾರಿಗೆ, ನೋಟಕ್ಕೆ ಬೋಲ್ಟು ಕಾಣಬಾರದು ಎನ್ನುವವರಿಗೆ, ಒಳಗಿನಿಂದ ಎಪಾಕ್ಸಿ ಹಚ್ಚುವುದು ಸುಲಭ. ಆದರೆ ಎಂಜಿನ್ನಿನ ಶಾಖಕ್ಕೆ ಅಗ್ಗದ ಅಂಟು ಮೆತ್ತಗಾಗುತ್ತದೆ, ಎಣ್ಣೆ ಹತ್ತಿದ ತಗಡಿಗೆ ಎಂಥ ಅಂಟೂ ಹಿಡಿಯದು. ನಮ್ಮ ಎರೆಸೀಮೆಯಲ್ಲಂತೂ ಜಾಳಿ ಬಿಚ್ಚಲು ಬರುವಂತೆಯೇ ಇರಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಮಸಿ, ಎಣ್ಣೆಯ ಹನಿ, ಧೂಳು ಕೂಡಿ ಜಾಳಿಯ ಅಡಿಭಾಗ ಕರಿ ಕಟ್ಟುತ್ತದೆ. ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದರೆ ಮತ್ತೆ ಹೊಸದು. ತೊಳೆಯಲು ಬಾರದ ಜಾಳಿ ಬರಬರುತ್ತ ಮುಚ್ಚಳವಾಗುತ್ತದೆ.

ನಮ್ಮ ಮಲಪ್ರಭೆಯ ಗುಂಟ ನವಿಲುತೀರ್ಥದಿಂದ ಕೆಳಗೆ ಸಾಗಿದರೆ ಪಟ್ಟದಕಲ್ಲು, ಐಹೊಳೆ ಸಿಗುತ್ತವೆ. ಅಲ್ಲಿ ಚಾಲುಕ್ಯರ ಕಾಲದ ಗುಡಿಗಳ ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳಿವೆ, ಅವೂ ಜಾಳಿಗಳೇ. ಒಂದೇ ಚಪ್ಪಡಿಯಲ್ಲಿ ಕೊರೆದು ತೆಗೆದ ಕಣ್ಣುಗಳು, ಬೆಳಕು ಗಾಳಿ ಒಳಗೆ ಬರುವಷ್ಟು ತೆರವು, ಕಲ್ಲು ಗಟ್ಟಿ ಉಳಿಯುವಷ್ಟು ಮೈ. ಲಾಡಖಾನ್ ಗುಡಿಯ ಒಳಗೆ ನಿಂತು ಅವನ್ನು ನೋಡುವಾಗಲೆಲ್ಲ ಎಷ್ಟು ಕೊರೆಯಬೇಕು, ಎಷ್ಟು ಉಳಿಸಬೇಕು ಎಂದು ಆ ಶಿಲ್ಪಿ ಎಣಿಸಿದ್ದನ್ನು ಎಣಿಸುತ್ತೇನೆ. ತಗಡಿನ ಕೆಲಸದವರಿಗೂ ಆ ಎಣಿಕೆ ಬೇಕು, ಇದ್ದವರನ್ನು ನಾವು ಗೌರವಿಸಬೇಕು. ನಮ್ಮ ತಾಲೂಕುಗಳ ಗ್ಯಾರೇಜುಗಳಲ್ಲಿ ಅಂಥ ಕೈಗಳು ಇನ್ನೂ ಇವೆ.

ಮಳೆಯ ಮಾತು ಉಳಿಯಿತು. ಕಿಂಡಿಯ ನೇರ ಕೆಳಗೆ ಆಲ್ಟರ್ನೇಟರ್, ಫ್ಯೂಸಿನ ಪೆಟ್ಟಿಗೆ, ಏರ್ ಫಿಲ್ಟರಿನ ಬಾಯಿ ಇರಬಾರದು. ಇದ್ದರೆ ಕೆಳಗೊಂದು ತಗಡಿನ ದೋಣಿ ಕೊಟ್ಟು ನೀರನ್ನು ಪಕ್ಕಕ್ಕೆ ಹರಿಸಬೇಕು. ನಾವು ಮುಂಗಾರಿನಲ್ಲಿ ಕಿಂಡಿಯಿಲ್ಲದ ಮೂಲ ಬಾನೆಟ್ಟನ್ನೇ ಹಾಕುತ್ತೇವೆ.

ಕಾನೂನಿನ ಮಾತು ಅದಕ್ಕಿಂತ ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿದೆ. ಕೆಎ 24 ಅಂಕಿಯ ಗಾಡಿಯವರು ಗ್ರೈಂಡರ್ ಎತ್ತುವ ಮೊದಲು ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು, ವಿಮೆಯವರನ್ನೂ ಕೇಳಬೇಕು. ಹೊಸ ಕಾರಿನವರಂತೂ ಬಾನೆಟ್ಟು ಕೊಯ್ಯಲೇಬೇಡಿ. ಪಾದಚಾರಿಗೆ ಡಿಕ್ಕಿಯಾದರೆ ತಲೆಗೆ ಪೆಟ್ಟು ಕಡಿಮೆಯಾಗುವಂತೆ ಎಷ್ಟು ತಗ್ಗಬೇಕು, ಎಲ್ಲಿ ಮಡಿಯಬೇಕು ಎಂದು ಈಗಿನ ಬಾನೆಟ್ಟುಗಳನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಕೊಯ್ದರೆ ಆ ಲೆಕ್ಕ ಕೆಡುತ್ತದೆ. ಅವರ ಕಾರು ಬಿಸಿಯಾಗುವುದು ಸಾಮಾನ್ಯವಾಗಿ ಕಿಂಡಿ ಇಲ್ಲದ್ದಕ್ಕಲ್ಲ, ರೇಡಿಯೇಟರ್ ಕಟ್ಟಿಕೊಂಡದ್ದಕ್ಕೆ, ಇಲ್ಲವೇ ಫ್ಯಾನು ತಿರುಗದ್ದಕ್ಕೆ.

ಆದ್ದರಿಂದ ಬರುವ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೊರಡುವವರಲ್ಲಿ ನನ್ನ ವಿನಂತಿ ಇಷ್ಟು. ಹಿಂದಿನ ಸಂಜೆ ಗಾಡಿ ಪೂರ್ತಿ ತಣಿದ ಮೇಲೆ ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಂದಿನ ಜಾಳಿಯ ಹೊಟ್ಟು ತೆಗೆಯಿರಿ. ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ಮಡಿಕೆಗಳ ಸುಂಕು ತೊಳೆಯಿರಿ, ಜೋರು ನೀರು ಬಿಟ್ಟರೆ ಮಡಿಕೆ ಬಾಗುತ್ತದೆ. ಕೂಲಂಟಿನ ಮಟ್ಟ ನೋಡಿಕೊಳ್ಳಿ. ಜೋಗುಳಬಾವಿ ದಾಟಿ ಏರು ಶುರುವಾಗುವ ಮೊದಲು ಮುಂದಿನ ಗಾಡಿಯಿಂದ ತುಸು ದೂರ ಉಳಿದು, ಅದು ಎಬ್ಬಿಸಿದ ಧೂಳು ಇಳಿದ ಮೇಲೆ ನಿಮ್ಮ ಗಾಡಿ ಬಿಡಿ.